ಮಲ್ಲಯ್ಯನ ದಾರಿಗೆ ಎರಡು ಚೀಲ

ಶಿವರಾತ್ರಿ ಮುಗಿದ ಮರುವಾರವೇ ಇಳಕಲ್ಲಿನ ಬಜಾರು ತನ್ನ ಸರಕು ಬದಲಿಸುತ್ತದೆ. ಔಷಧಿ ಅಂಗಡಿಯಲ್ಲಿ ಒಳಗಿದ್ದ ಓಆರ್‌ಎಸ್ ಪೊಟ್ಟಣ, ನೋವಿನ ಮುಲಾಮು, ಬ್ಯಾಂಡೇಜು ಮುಂದಿನ ಸಾಲಿಗೆ ಬರುತ್ತವೆ. ಚಪ್ಪಲಿ ಅಂಗಡಿಯವನು ಹಗುರ ತಳದ ಬೂಟುಗಳನ್ನು ಹಗ್ಗಕ್ಕೆ ಪೋಣಿಸಿ ಹೊರಗೆ ತೂಗುಬಿಡುತ್ತಾನೆ. ದರ್ಜಿಯ ಮಿಷನ್ನಿನ ಪಕ್ಕ ಕಾವಿ ಬಟ್ಟೆಯ ಜೋಳಿಗೆಗಳು ಮೊಣಕಾಲೆತ್ತರ ಬಿದ್ದಿರುತ್ತವೆ. ಚಹಾದಂಗಡಿಯಲ್ಲಿ ಮಳೆ-ಬೆಳೆ, ಎಲೆಕ್ಷನ್ನು ಎಲ್ಲ ಹಿಂದೆ ಸರಿದು ಒಂದೇ ಪ್ರಶ್ನೆ ಓಡಾಡುತ್ತದೆ: ‘ಈ ವರ್ಷ ಹೊಂಟೀಯೇನು?’ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ.

ಶ್ರೀಶೈಲಕ್ಕೆ. ಯುಗಾದಿಯ ಜಾತ್ರೆಗೆ. ನಡೆದುಕೊಂಡು.

ಬಾಗಲಕೋಟೆ, ವಿಜಯಪುರ, ಬೆಳಗಾವಿ, ಗದಗ, ಕೊಪ್ಪಳ, ರಾಯಚೂರು ಸೀಮೆಗಳಿಂದ ಸಾವಿರಾರು ಜನ ಪ್ರತಿವರ್ಷ ಈ ದಾರಿ ಹಿಡಿಯುತ್ತಾರೆ. ಕೆಲವರು ಹೆಗಲ ಮೇಲೆ ಮಲ್ಲಯ್ಯನ ಕಂಬಿ ಹೊತ್ತು, ಕೆಲವರು ಹರಕೆಗೆಂದು ಬರಿಗಾಲಲ್ಲಿ, ಅಪರೂಪಕ್ಕೆ ಮರಗಾಲು ಕಟ್ಟಿಕೊಂಡವರೂ ಉಂಟು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದಾದ ಮಲ್ಲಿಕಾರ್ಜುನ ಅಲ್ಲಿರುವುದು ಸರಿ. ಆದರೆ ಈ ಸೀಮೆಯ ಜನಕ್ಕೆ ಅದಕ್ಕಿಂತ ಹತ್ತಿರದ ನಂಟೊಂದಿದೆ. ಭ್ರಮರಾಂಬೆ ಕನ್ನಡ ಸೀಮೆಯ ಮಗಳು, ಮಲ್ಲಯ್ಯ ಅಳಿಯ. ಹೊಸ ವರ್ಷಕ್ಕೆ ತವರಿನವರು ಮಗಳ ಉಡಿ ತುಂಬದಿದ್ದರೆ ಹೇಗೆ? ಸೀರೆ, ಕುಬಸದ ಕಣ, ಬಳೆ, ಅರಿಶಿನ-ಕುಂಕುಮ ಹೊತ್ತು ಹೊರಡುವುದು ಅದಕ್ಕೇ. ಶ್ರೀಶೈಲದ ಸುತ್ತಲಿನ ನಲ್ಲಮಲ ಕಾಡಿನ ಚೆಂಚು ಬುಡಕಟ್ಟಿನವರೂ ಅವನನ್ನು ಚೆಂಚು ಮಲ್ಲಯ್ಯ ಎಂದು ಕರೆದು, ತಮ್ಮ ಹುಡುಗಿಯನ್ನು ಮದುವೆಯಾದ ಅಳಿಯ ಎನ್ನುತ್ತಾರೆ. ಎರಡು ಮನೆಯ ಅಳಿಯನ ಊರಿಗೆ ಹೊರಡುವವರು ಬರಿಗೈಯಲ್ಲಿ ಹೋಗುವಂತಿಲ್ಲ.

ನನ್ನ ಜೊತೆಗಾರ ನೇಕಾರ. ಅವನಿಗೆ ದಾರಿ ಗೊತ್ತು, ನನಗೆ ಹೊಸದು. ಅವನ ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಟ್ಟು, ಕಾಲ್ಮಣೆ ಒಂದಾದ ಮೇಲೊಂದು ತುಳಿಯುತ್ತ, ಲಾಳಿ ಎಡಕ್ಕೂ ಬಲಕ್ಕೂ ಓಡಿಸುತ್ತ ಅವನು ಮಾತಾಡುತ್ತಾನೆ. ಮಗ್ಗದ ಮೇಲೆ ಈಗ ಇರುವುದು ದಾಳಿಂಬೆ ಕೆಂಪಿನ ಸೀರೆ. ಅಂಗಡಿಯವರಿಗಲ್ಲ, ಉಡಿಗೆ. ಇಳಕಲ್ ಸೀರೆಯ ಹಾಸಿನಲ್ಲಿ ಒಡಲಿನ ಎಳೆಗಳೇ ಬೇರೆ, ಸೆರಗಿನ ರೇಷ್ಮೆ ಎಳೆಗಳೇ ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಕೊಂಡಿ ಹಾಕುವ ಕೆಲಸ ಅವನ ಹೆಂಡತಿಯದು. ಕೆಂಪು ಸೆರಗಿನಲ್ಲಿ ಬಿಳಿಯ ಟೋಪ್ ತೆನಿ ವಿನ್ಯಾಸ ಏಳುವುದು ಕೊನೆಯ ದಿನಗಳಲ್ಲಿ. ಹೋಳಿ ಹುಣ್ಣಿಮೆಯೊಳಗೆ ಸೀರೆ ಮಗ್ಗ ಇಳಿಯಬೇಕು. ನಮ್ಮ ತಯಾರಿಯ ಗಡಿಯಾರ ಅದೇ.

‘ದಿನಾ ಕಾಲ ಆಡಸ್ತೀನಿ, ನನಗೇನ ಆಗತೈತಿ’ ಎಂದು ಅವನು ಮೊದಮೊದಲು ಅಂದಿದ್ದ. ಆದರೆ ಮಗ್ಗ ತುಳಿಯುವ ಕಾಲು ಕೂತ ಕಾಲು. ಅದು ಮೈಯ ಭಾರ ಹೊರುವುದಿಲ್ಲ. ನಿಂತು ಪಾಠ ಹೇಳುವ ನನ್ನ ಕಾಲು ಭಾರ ಹೊರುತ್ತದೆ, ಆದರೆ ಒಂದೇ ಕಡೆ. ಹೀಗೆ ಒಬ್ಬನದು ಕೂತ ಕಾಲು, ಇನ್ನೊಬ್ಬನದು ನಿಂತ ಕಾಲು. ನಡೆಯುವ ಕಾಲನ್ನು ಇಬ್ಬರೂ ಹೊಸದಾಗಿ ಮಾಡಿಕೊಳ್ಳಬೇಕಿತ್ತು.

ಅದಕ್ಕೆ ಬೆಳಗಿನ ಜಾವ ನಾಲ್ಕಕ್ಕೆ ಹುನಗುಂದದ ರಸ್ತೆ. ಊರ ಹೊರಗಿನ ಗ್ರಾನೈಟ್ ಪಾಲಿಶ್ ಕಾರ್ಖಾನೆಗಳ ದೀಪ ದಾಟಿದರೆ ಕತ್ತಲು. ಎರೆ ಹೊಲಗಳಲ್ಲಿ ಕಡಲೆ ಕಿತ್ತು ರಾಶಿ ಹಾಕಿದ ವಾಸನೆ. ಹೆದ್ದಾರಿಯ ಮೇಲೆ ಹೊಸಪೇಟೆ ಕಡೆಯ ಲಾರಿಗಳು ಮೈಮೇಲೆ ಬಂದಂತೆ ಬಂದು ಹೋಗುತ್ತವೆ. ಮೊದಲ ಪಾಠ ಇಲ್ಲೇ: ವಾಹನಕ್ಕೆ ಬೆನ್ನು ಕೊಟ್ಟು ನಡೆಯಬಾರದು. ರಸ್ತೆಯ ಬಲಕ್ಕೆ ನಡೆದರೆ ಎದುರು ಬರುವ ದೀಪ ಕಣ್ಣಿಗೆ ಬೀಳುತ್ತದೆ, ಸರಿಯಲು ಹೊತ್ತು ಸಿಗುತ್ತದೆ. ಪಾದಯಾತ್ರಿಗಳಿಗೆ ಈ ದಾರಿಯಲ್ಲಿ ದೊಡ್ಡ ಭಯ ಹುಲಿಯದಲ್ಲ, ರಾತ್ರಿಯ ಲಾರಿಯದು. ಮರುದಿನವೇ ದರ್ಜಿಯ ಬಳಿ ಹೋಗಿ ಎರಡೂ ಚೀಲಗಳ ಬೆನ್ನಿಗೂ ಎದೆಪಟ್ಟಿಗೂ ಬೆಳಕಿಗೆ ಹೊಳೆಯುವ ಪಟ್ಟಿ ಹೊಲಿಸಿದೆವು.

ಎರಡನೆಯ ಪಾಠಕ್ಕೆ ಹೆಚ್ಚು ದಿನ ಬೇಕಾಯಿತು. ನೇಕಾರ ಹೊರಟ ಕೂಡಲೇ ಓಡುವವನು. ಮೊದಲ ಗಂಟೆ ಅವನ ಬೆನ್ನಷ್ಟೇ ನನಗೆ ಕಾಣುತ್ತದೆ. ಮೂರನೆಯ ಗಂಟೆಗೆ ಅವನು ಗಿಡದ ಬುಡದಲ್ಲಿ ಕೂತಿರುತ್ತಾನೆ, ನಾನು ಬಂದ ವೇಗದಲ್ಲೇ ಬಂದು ಮುಟ್ಟಿರುತ್ತೇನೆ. ಯಾರು ಸರಿ ಎಂಬ ವಾದ ಚಹಾದಂಗಡಿಯವರೆಗೂ ನಡೆದು ಅಲ್ಲಿ ಇತ್ಯರ್ಥವಾಯಿತು: ಐವತ್ತು ನಿಮಿಷ ನಡಿಗೆ, ಹತ್ತು ನಿಮಿಷ ಕುಂಡ್ರೂದು. ಕೂತಾಗ ಬೂಟು ಕಳಚಿ ಕಾಲಿಗೆ ಗಾಳಿಯಾಡಿಸುವುದು. ಮೊದಲರ್ಧ ನಾನು ಮುಂದೆ, ಉಳಿದರ್ಧ ಅವನು ಮುಂದೆ. ನಿಧಾನದವನು ಮುಂದಿದ್ದರೆ ಜೋರಿನವನ ಶಕ್ತಿ ಉಳಿಯುತ್ತದೆ. ದಣಿದ ಹೊತ್ತಿಗೆ ಜೋರಿನವನು ಮುಂದಿದ್ದರೆ ನಿಧಾನದವನನ್ನು ಎಳೆದುಕೊಂಡು ಹೋಗುತ್ತಾನೆ. ನಮ್ಮ ದಾರಿ ಮುನ್ನೂರು ಕಿಲೋಮೀಟರು ಮೀರುತ್ತದೆ. ಹೋಳಿಗೂ ಯುಗಾದಿಗೂ ನಡುವೆ ಇರುವುದು ಹದಿನೈದು ದಿನ. ದಿನಕ್ಕೆ 20 ಕಿಲೋಮೀಟರಿಗೂ ಹೆಚ್ಚು ಬೀಳಲೇಬೇಕು. ಗಂಟೆಗೆ ಐದರಂತೆ ನಡೆದರೆ ನಾಲ್ಕು ಗಂಟೆಗೂ ಮೇಲೆ. ನಸುಕಿನ ಮೂರರಿಂದ ಎಂಟರವರೆಗೆ ಬಹುಪಾಲು, ಸಂಜೆ ತಂಪಾದ ಮೇಲೆ ಉಳಿದದ್ದು. ನಡುವಿನ ಹೊತ್ತು ನಮ್ಮದಲ್ಲ, ಬಿಸಿಲಿನದು.

ರಾಯಚೂರಿನ ಬಿಸಿಲು ಹೆಸರಾಂತದ್ದು. ಯುಗಾದಿಯ ಹೊತ್ತಿಗೆ ಅಲ್ಲಿ 40 ಡಿಗ್ರಿ ಮುಟ್ಟುವುದು ಹೊಸದಲ್ಲ. ಗಾಳಿಯೇ ಅಷ್ಟು ಕಾದಾಗ ಡಾಂಬರಿನ ಮೈ 60ರ ಹತ್ತಿರ ಹೋಗುತ್ತದೆ. ಬೂಟಿನ ಜಗಳ ಹುಟ್ಟಿದ್ದು ಇಲ್ಲೇ. ನೇಕಾರನಿಗೆ ಬರಿಗಾಲಲ್ಲಿ ಹೋಗಬೇಕೆಂಬ ಆಸೆ. ನನಗೆ ಅವನ ಅಂಗಾಲು ಮುದಗಲ್ಲಿನಾಚೆ ಬರುವುದೇ ಎಂಬ ಅನುಮಾನ. ಕೊನೆಗೆ ಒಪ್ಪಂದವಾಯಿತು: ಡಾಂಬರಿನ ಮೇಲೆ ಬೂಟು, ಶ್ರೀಶೈಲಕ್ಕೆ ಮುಂಚಿನ ಕೈಲಾಸದ್ವಾರದ ಮೆಟ್ಟಿಲ ಮೇಲೆ ಬರಿಗಾಲು. ಬೂಟು ಕೊಳ್ಳಲು ಸಂಜೆ ಹೋದೆವು. ಹಗಲೆಲ್ಲ ಓಡಾಡಿದ ಕಾಲು ಸಂಜೆಗೆ ತುಸು ಊದಿರುತ್ತದೆ. ನಡೆಯುವಾಗ ಆಗುವ ಅಳತೆ ಅದೇ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬಿಟ್ಟು ತೊಗೊಳ್ಳಿ ಎಂದು ಅಂಗಡಿಯವನೇ ಹೇಳಿದ. ಹೊಸ ಬೂಟನ್ನು ಯಾತ್ರೆಯ ದಿನ ತೊಡಬಾರದು. ಅದಕ್ಕೇ ಅವನು ಮಗ್ಗದ ಕುಣಿಗೂ ಬೂಟು ಹಾಕಿಕೊಂಡು ಇಳಿದ. ಓಣಿಯ ಹುಡುಗರು ಒಂದು ವಾರ ನಕ್ಕರು.

ಬೊಕ್ಕೆಯದು ಬೇರೆಯೇ ಶಾಸ್ತ್ರ. ತಿಕ್ಕಾಟ, ಬೆವರು, ಕಾವು, ಈ ಮೂರೂ ಕೂಡಿದಲ್ಲಿ ಚರ್ಮದ ಪದರಗಳ ನಡುವೆ ನೀರು ತುಂಬುತ್ತದೆ. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಅರ್ಧ ಗೆದ್ದಂತೆ. ನಡೆಯುವ ಮುಂಚೆ ಬೆರಳ ಸಂದಿಗೂ ಹಿಮ್ಮಡಿಗೂ ವ್ಯಾಸಲಿನ್, ಒಳಗೆ ತೆಳು ಕಾಲುಚೀಲ, ಮೇಲೆ ದಪ್ಪದ್ದು. ಉಗುರನ್ನು ನೇರಕ್ಕೆ ಕತ್ತರಿಸುವುದು. ಎಲ್ಲಾದರೂ ಚುರುಚುರು ಎನಿಸಿದರೆ ‘ಮುಂದಿನ ಊರಾಗ ನೋಡೂಣು’ ಎನ್ನದೆ ಅಲ್ಲೇ ಕೂತು ಪಟ್ಟಿ ಅಂಟಿಸುವುದು. ಬೊಕ್ಕೆ ಎದ್ದರೆ ಅದರ ಮೇಲಿನ ಚರ್ಮ ಕೀಳಬಾರದು, ಗಾಯಕ್ಕೆ ಅದೇ ಹೊದಿಕೆ. ರಾತ್ರಿ ಅಂಗಾಲಿಗೆ ಔಡಲೆಣ್ಣೆ ತಿಕ್ಕುವುದು ನೇಕಾರನ ಅವ್ವನ ಆಜ್ಞೆ. ಡಾಕ್ಟರು ಅದಕ್ಕೆ ಬೇಡವೆನ್ನಲಿಲ್ಲ. ನನ್ನ ಬಿಪಿ ನೋಡಿ, ಗುಳಿಗೆ ಒಂದು ದಿನವೂ ತಪ್ಪಬಾರದೆಂದರು. ಅವನ ಶುಗರು ನೋಡಿ ಸುಮ್ಮನೆ ತಲೆಯಾಡಿಸಿದರು. ತಂಬಾಕಿನ ಚೀಟು ಮಾತ್ರ ಅವನ ಕಿಸೆಯಿಂದ ತೆಗೆಸಿ ಮೇಜಿನ ಮೇಲೆ ಇಟ್ಟರು. ಮಹಾಂತ ಜೋಳಿಗೆಯ ಊರು ಇದು. ಭಕ್ತರ ಚಟಗಳನ್ನು ಭಿಕ್ಷೆಯಾಗಿ ಬೇಡಿದ ಸ್ವಾಮಿಗಳ ನೆನಪು ಇನ್ನೂ ಹಸಿಯಾಗಿದೆ. ಚೀಟು ವಾಪಸ್ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಚೀಲ ತುಂಬುವ ರಾತ್ರಿ ಪಡಸಾಲೆಯಲ್ಲಿ ಕೌದಿ ಹಾಸಿದೆವು. ಒಂದು ಬದಿಗೆ ನನ್ನ ಸಾಮಾನು, ಇನ್ನೊಂದು ಬದಿಗೆ ಅವನದು. ನನ್ನ ಬದಿಯಲ್ಲಿ ಐದು ಜೊತೆ ಬಟ್ಟೆ, ಬ್ಯಾಟರಿ, ಪವರ್ ಬ್ಯಾಂಕ್, ಕೊಡೆ, ಗಾಳಿ ತುಂಬುವ ದಿಂಬು, ಮಳೆಕೋಟು, ಎರಡು ಪುಸ್ತಕ, ಒಂದು ಸಣ್ಣ ಔಷಧಾಲಯ. ಅವನ ಬದಿಯಲ್ಲಿ ಎರಡು ಅಂಗಿ, ಒಂದು ಲುಂಗಿ, ಟವೆಲ್ಲು, ಚಾದರ, ಸೂಜಿದಾರ. ನಡುವೆ ನೂಲು ತೂಗುವ ತಕ್ಕಡಿ. ನನ್ನ ಚೀಲ ಎತ್ತಿ ನೋಡಿ ಅವನೆಂದ:

‘ಮಾಸ್ತರ, ಈ ಚೀಲ ನೀ ಹೊತಗೊಂಡ ಹೊಂಟೀಯೋ, ಚೀಲ ನಿನ್ನ ಹೊತಗೊಂಡ ಹೊಂಟೈತೋ?’

ಮೈತೂಕದ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಹೊರಬಾರದೆಂಬುದು ದೂರ ನಡೆಯುವವರ ಲೆಕ್ಕ. ಅರವತ್ತು ಕಿಲೋದವನಿಗೆ ಆರು ಕಿಲೋ. ಅದರಲ್ಲಿ ಎರಡು ಲೀಟರ್ ನೀರೇ ಎರಡು ಕಿಲೋ ತಿನ್ನುತ್ತದೆ. ಉಳಿದ ನಾಲ್ಕರಲ್ಲಿ ಬಾಳುವೆ ನಡೆಯಬೇಕು. ಅಲ್ಲಿಂದ ಶುರುವಾಯಿತು ಕಳೆಯುವ ಆಟ. ಪುಸ್ತಕ ಹೋಯಿತು, ದಿಂಬು ಹೋಯಿತು. ಮಳೆಕೋಟನ್ನು ಅವನು ಎತ್ತಿ ಹಿಡಿದಾಗ ಫಾಲ್ಗುಣದಲ್ಲಿ ಅದನ್ನು ಸಮರ್ಥಿಸುವ ಮಾತು ನನಗೆ ಸಿಗಲಿಲ್ಲ. ಬಟ್ಟೆ ಎರಡು ಜೊತೆಗೆ ಇಳಿದವು: ಒಂದು ಮೈಮೇಲೆ, ಒಂದು ಒಗೆದು ಒಣಹಾಕಲು. ಆದರೆ ಅವನ ಬದಿಯಲ್ಲೂ ಕೂಡಿಸಬೇಕಾದದ್ದಿತ್ತು. ಮಲ್ಲಯ್ಯ ಕೊಡುತ್ತಾನೆಂದು ಓಆರ್‌ಎಸ್ ಬಿಟ್ಟಿದ್ದ, ಮಲ್ಲಯ್ಯ ಬೆಳಕು ತೋರಿಸುತ್ತಾನೆಂದು ಬ್ಯಾಟರಿ ಬಿಟ್ಟಿದ್ದ.

ಒಬ್ಬೊಬ್ಬರ ಲೆಕ್ಕ ಮುಗಿದ ಮೇಲೆ ಇಬ್ಬರ ಲೆಕ್ಕ. ಸಾಬೂನು ಇಬ್ಬರಿಗೆ ಒಂದು. ಬ್ಯಾಟರಿ ಒಂದು, ಪವರ್ ಬ್ಯಾಂಕ್ ಒಂದು, ಔಷಧದ ಚೀಲ ಒಂದು, ಚಾಕು ಒಂದು. ಒಬ್ಬನೇ ಹೊರಟರೆ ಇವೆಲ್ಲ ಅವನ ಬೆನ್ನಿಗೇ. ಇಬ್ಬರಾದರೆ ಭಾರ ಅರ್ಧವಾಗುತ್ತದೆ, ಜೊತೆಗೆ ಇನ್ನೊಂದೂ ಆಗುತ್ತದೆ: ಔಷಧ ನನ್ನ ಬಳಿ, ಬೆಳಕು ಅವನ ಬಳಿ. ಅಂದರೆ ಕತ್ತಲಲ್ಲಿ ನಾನು ಅವನಿಗಿಂತ ಹಿಂದೆ ಬೀಳುವಂತಿಲ್ಲ, ಕಾಲು ಕೆಟ್ಟರೆ ಅವನು ನನಗಿಂತ ಮುಂದೆ ಓಡುವಂತಿಲ್ಲ. ಯಾರ ಚೀಲದಲ್ಲಿ ಏನಿರಬೇಕೆಂದು ಹಂಚುವಾಗಲೇ, ಯಾವುದಕ್ಕೆ ಯಾರನ್ನು ನಂಬಬೇಕೆಂಬುದೂ ಹಂಚಿಕೆಯಾಗಿಬಿಡುತ್ತದೆ.

ನಂಬಿಕೆಯ ಈ ಲೆಕ್ಕದಲ್ಲಿ ದಾರಿಗೂ ಒಂದು ಪಾಲಿದೆ. ಮುದಗಲ್ಲು, ಲಿಂಗಸೂಗೂರು, ಕವಿತಾಳ, ಸಿರವಾರ, ರಾಯಚೂರು. ಈ ರಸ್ತೆಯ ಅಂಚಿನಲ್ಲಿ ಯಾತ್ರೆಯ ದಿನಗಳಲ್ಲಿ ಶಾಮಿಯಾನ ಏಳುತ್ತವೆ. ಊರಿನವರೇ ಚಂದಾ ಕೂಡಿಸಿ ದಾಸೋಹ ಇಡುತ್ತಾರೆ. ಮಜ್ಜಿಗೆ, ಕಲ್ಲಂಗಡಿ ಹೋಳು, ಅನ್ನ-ಸಾರು, ಜೋಳದ ರೊಟ್ಟಿ, ಸಜ್ಜಕ. ಕಾಲಿಗೆ ಬಿಸಿನೀರು ಕೊಡುವವರು, ಎಣ್ಣೆ ತಿಕ್ಕುವವರು, ಬೊಕ್ಕೆಗೆ ಪಟ್ಟಿ ಕಟ್ಟುವವರು, ಮೊಬೈಲು ಚಾರ್ಜಿಗೆ ಇಡುವವರು. ಯಾರ ಜಾತಿ ಯಾವುದು, ಯಾವ ಊರು ಎಂದು ಕೇಳುವ ಹೊತ್ತು ಯಾರಿಗೂ ಇರುವುದಿಲ್ಲ. ಹಿಂದೆ ಹೋಗಿಬಂದವರ ನೋಟ್‌ಬುಕ್ಕಿನಲ್ಲಿ ದಾಸೋಹದ ಜಾಗಗಳ ಯಾದಿಯೇ ಇದೆ. ಆದ್ದರಿಂದ ರಾಯಚೂರಿನವರೆಗೆ ಬುತ್ತಿ ಹಗುರವಾಗಿದ್ದರೂ ನಡೆದೀತು.

ಅಲ್ಲಿಂದ ಮುಂದೆ ಲೆಕ್ಕ ಬದಲಾಗುತ್ತದೆ. ಕೃಷ್ಣೆ-ತುಂಗಭದ್ರೆಯರ ನಡುವಿನ ಬಯಲು ಮುಗಿದು, ಕರ್ನೂಲಿನ ಕಡೆ ತುಂಗಭದ್ರೆ ದಾಟಿ ಆತ್ಮಕೂರು ತಲುಪಿದರೆ ಅಲ್ಲಿ ಡಾಂಬರು ಬಿಟ್ಟು ಕಾಡು ಹೊಗಬೇಕು. ನಲ್ಲಮಲ ಬೆಟ್ಟಸಾಲು. ದೇಶದ ಅತಿ ದೊಡ್ಡ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಒಂದು. ವೆಂಕಟಾಪುರ, ವೀರಭದ್ರನ ಗುಡಿಯ ನಾಗಲೂಟಿ, ಪೆಚ್ಚೆರುವು, ಭೀಮನಕೊಳ್ಳ, ಕೈಲಾಸದ್ವಾರ, ಹಾಟಕೇಶ್ವರ, ಆಮೇಲೆ ಶ್ರೀಶೈಲ. ಭೀಮನಕೊಳ್ಳಕ್ಕೆ ಇಳಿದು ಮತ್ತೆ ಕೈಲಾಸದ್ವಾರಕ್ಕೆ ಏರುವ ಮೆಟ್ಟಿಲುಗಳ ಹೆಸರು ಹೇಳಿದರೆ ಹೋಗಿಬಂದವರು ಈಗಲೂ ಮೊಣಕಾಲು ಸವರಿಕೊಳ್ಳುತ್ತಾರೆ. ಜಾತ್ರೆಯ ದಿನಗಳಲ್ಲಿ ಅಲ್ಲಲ್ಲಿ ನೀರಿನ ವ್ಯವಸ್ಥೆ ಇರುತ್ತದೆ, ಆದರೆ ಅದನ್ನೇ ನಂಬಿ ಬರಿ ಬಾಟಲಿ ಹಿಡಿದು ಕಾಡು ಹೊಗುವಂತಿಲ್ಲ. ಬಿಸಿಲಲ್ಲಿ ಏರು ಹತ್ತುವವನಿಗೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇಕು. ಆತ್ಮಕೂರಿನಲ್ಲಿ ಮೂರು ಲೀಟರ್ ತುಂಬಿಕೊಳ್ಳುವುದು, ಗುಂಪು ಬಿಟ್ಟು ಕದಲದಿರುವುದು, ಕತ್ತಲಾದ ಮೇಲೆ ಕಾಲುದಾರಿ ತುಳಿಯದಿರುವುದು, ಪ್ಲಾಸ್ಟಿಕ್ಕು ಕಾಡಿನಲ್ಲಿ ಬಿಸಾಡದಿರುವುದು. ಇವನ್ನು ನೇಕಾರನೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದ. ಮಲ್ಲಯ್ಯನ ಮೇಲೆ ಭಾರ ಹಾಕಿ ಓಆರ್‌ಎಸ್ ಬಿಟ್ಟಿದ್ದವನು ನೀರಿನ ವಿಷಯದಲ್ಲಿ ಮಾತ್ರ ಅವನಿಗೂ ರಿಯಾಯಿತಿ ಕೊಡಲಿಲ್ಲ.

ಈ ಕಾಡಿಗೇ ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಬಂದದ್ದು. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಇಲ್ಲಿಗೆ. ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟವಳು ಆಕೆ. ನಮ್ಮ ತಕ್ಕಡಿಯ ಮುಂದೆ ಆಕೆಯ ನೆನಪಾದರೆ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ನಾವು ಸಂಸಾರಸ್ಥರು. ಹದಿನೈದು ದಿನಕ್ಕೆ ಊರು ಬಿಡಲು ನಮಗೆ ಸಾಬೂನಿನ ಲೆಕ್ಕವೂ ಬೇಕು.

ಬುತ್ತಿಯ ಜವಾಬ್ದಾರಿ ಅವ್ವನದು. ಅವಳು ಮೂರು ಮನೆಯ ಹೆಣ್ಣುಮಕ್ಕಳನ್ನು ಕರೆದಳು. ಹಿತ್ತಲಲ್ಲಿ ಒಲೆ ಹೂಡಿ, ನಾಲ್ಕು ಕೈಗಳ ತಟ್ಟುವ ಸಪ್ಪಳ ಒಂದಾಗಿ ಎದ್ದಿತು. ಬಿಸಿನೀರು ಹೊಯ್ದು ನಾದಿದ ಜೋಳದ ಹಿಟ್ಟು, ಎಳ್ಳು ಉದುರಿಸಿದ ತೆಳು ರೊಟ್ಟಿ. ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಕಾವಿಗೆ ಒರಗಿಸಿ ನಿಲ್ಲಿಸುತ್ತಾರೆ. ತೇವವೆಲ್ಲ ಆರಿ ಖಡಕ್ ಆದ ಮೇಲೆ ಬಿಳಿ ಬಟ್ಟೆಯಲ್ಲಿ ಸುತ್ತಿಟ್ಟರೆ ತಿಂಗಳಾದರೂ ಬೂಸಲು ಬರುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೂರು ಡಬ್ಬಿ. ಪಕ್ಕದ ಅಮೀನಗಡದಿಂದ ತರಿಸಿದ ಕರದಂಟು: ಬೆಲ್ಲ, ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ. ಒಂದು ತುಂಡು ಬಾಯಿಗೆ ಹಾಕಿಕೊಂಡರೆ ಒಂದು ಗಂಟೆ ಕಾಲು ಕೇಳಿದ್ದನ್ನು ಕೊಡುತ್ತದೆ. ಓಆರ್‌ಎಸ್ ಪೊಟ್ಟಣ ಕೈಯಲ್ಲಿ ಹಿಡಿದು ತಿರುವಿ ನೋಡಿದ ಅವ್ವ, ಇದರಲ್ಲಿ ಏನಿದೆ ಎಂದು ಕೇಳಿದಳು. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಮನೆಯಲ್ಲೂ ಮಾಡಬಹುದು ಎಂದೆ.

‘ಹಂಗಾರ ಬೆಲ್ಲದ ನೀರಿಗೆ ಚೂರ ಉಪ್ಪ ಹಾಕಿ ಕುಡೀರಿ ಅಂತ ನಾ ಹೇಳಿದ್ದು ಮತ್ತೇನ?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ. ಪ್ರಾಯದಲ್ಲಿ ಅವಳೂ ಈ ದಾರಿ ತುಳಿದವಳು. ‘ನಾ ಹ್ವಾದಾಗ ಚೀಲಾನ ಇದ್ದಿಲ್ಲ. ಬುತ್ತಿ ಗಂಟ ಬಗಲಾಗ, ತಂಬಗಿ ಕೈಯಾಗ. ನೀರ ಕಂಡಲ್ಲಿ ಕುಡೀರಿ, ನೆಳ್ಳ ಕಂಡಲ್ಲಿ ಕೂಡ್ರಿ, ಉಣ್ಣಾಕ ಕರದರ ಒಲ್ಲೆ ಅನಬ್ಯಾಡ್ರಿ.’ ಇಬ್ಬರ ಕಿಸೆಗೂ ಒಂದೊಂದು ಉಳ್ಳಾಗಡ್ಡಿ ತುರುಕಿದಳು, ಬಿಸಿಲು ಬಡಿಯಬಾರದೆಂದು. ಅದರಿಂದ ಬಿಸಿಲು ನಿಲ್ಲುತ್ತದೋ ಇಲ್ಲವೋ, ರೊಟ್ಟಿಗೆ ನಂಚಿಕೊಳ್ಳಲು ಬಂತು ಎಂದು ನೇಕಾರ ಇಟ್ಟುಕೊಂಡ.

ಹುಣ್ಣಿಮೆಗೆ ಎರಡು ದಿನ ಮೊದಲು ಸೀರೆ ಮಗ್ಗ ಇಳಿಯಿತು. ಗಂಜಿಯ ವಾಸನೆ, ರೇಷ್ಮೆ ಸೆರಗಿನ ಮಿರುಗು, ಸಾಲಾಗಿ ನಿಂತ ಬಿಳಿಯ ತೆನಿ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕುಬಸದ ಕಣದ ಜೊತೆ ಒಂದು ಗಂಟು ಮಾಡಿದೆವು. ಯಾರು ಹೊರಬೇಕೆಂಬ ಪ್ರಶ್ನೆ ಎದ್ದದ್ದು ಆಗ. ನೇಯ್ದವನು ನಾನು ಎಂದು ಅವನು. ನಿನ್ನ ಚೀಲದಲ್ಲಿ ರೊಟ್ಟಿ ತುಂಬಿದೆ, ಜಾಗವೆಲ್ಲಿ ಎಂದು ನಾನು. ಆ ಮಾತು ಮುಂದುವರಿದು ಇಬ್ಬರೂ ಇಷ್ಟು ದಿನ ಮುಟ್ಟದೆ ಬಿಟ್ಟಿದ್ದ ಮಾತಿಗೆ ಬಂದು ನಿಂತಿತು: ನಡುದಾರಿಯಲ್ಲಿ ಒಬ್ಬನಿಂದ ಆಗದಿದ್ದರೆ?

ನಾನು ಹೇಳಿದೆ, ಇಬ್ಬರೂ ವಾಪಸ್ ಬರೋಣ. ಅವನು ಹೇಳಿದ, ಇಬ್ಬರೂ ಅಲ್ಲೇ ಎರಡು ದಿನ ಕೂತು ನೋಡೋಣ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಮುಂದೆ ಹೋಗುವ ಮಾತನ್ನು ಇಬ್ಬರೂ ಆಡಲಿಲ್ಲ. ಆಡುವುದು ಗೆಳೆತನಕ್ಕೆ ಕಡಿಮೆ ಎನಿಸಿರಬೇಕು. ಬಾಗಿಲಲ್ಲಿ ಅಡಿಕೆ ಕತ್ತರಿಸುತ್ತ ಕೂತಿದ್ದ ಅವ್ವ ಕತ್ತರಿ ಕೆಳಗಿಟ್ಟಳು.

‘ಒಬ್ಬ ಕುಂತರ ಇನ್ನೊಬ್ಬನೂ ಕುಂಡ್ರಬೇಕಂತ ಮಲ್ಲಯ್ಯ ಎಲ್ಲಿ ಹೇಳ್ಯಾನ? ಆಗದಾಂವ ಬಸ್ಸ ಹತ್ತಿ ಮನೀಗೆ ಬರಲಿ, ಅವಂಗ ನಾ ಬಿಸಿನೀರ ಕಾಸತೀನಿ. ಆಗೂವಂವ ಮುಂದ ನಡೀಲಿ. ಸೀರಿ ಮುಟ್ಟಬೇಕು.’

ಸೆರಗಿನ ಗಂಟು ಬಿಚ್ಚಿ ಬಸ್ಸಿನ ದುಡ್ಡನ್ನು ಎರಡು ಪಾಲು ಮಾಡಿ, ಇಬ್ಬರ ಕೈಗೂ ಬೇರೆ ಬೇರೆಯಾಗಿ ಕೊಟ್ಟಳು. ಹದಿನೈದು ದಿನ ಕೂತು ಎಲ್ಲವನ್ನೂ ಇಬ್ಬರಿಗೆ ಒಂದು ಎಂದು ಮಾಡಿದ್ದೆವು. ತಿರುಗಿ ಬರುವ ದುಡ್ಡು ಮಾತ್ರ ಒಬ್ಬೊಬ್ಬರ ಕಿಸೆಯಲ್ಲೇ ಇರಬೇಕೆಂದು ನಮ್ಮ ಲೆಕ್ಕಕ್ಕೆ ಬಂದಿರಲಿಲ್ಲ. ಸೀರೆಗೂ ಅಲ್ಲೇ ತೀರ್ಮಾನವಾಯಿತು: ಒಂದು ದಿನ ಅವನು, ಒಂದು ದಿನ ನಾನು. ಕೈಲಾಸದ್ವಾರದ ಏರಿನಲ್ಲಿ ಅಂದು ಯಾರಿಗೆ ದಮ್ಮು ಹೆಚ್ಚಿದೆಯೋ ಅವರು.